ಶಿವಮೊಗ್ಗದ ಸರ್ಜನ್, ಕುಮರಿಯ ಬೆಂಕಿ: ಹ್ಯೂ ಕ್ಲೆಗ್‌ಹಾರ್ನ್ ಯಾರು?

ಪ್ರತಿ ಬೇಸಿಗೆಯಲ್ಲೂ ಇದು ನಡೆಯುತ್ತೆ. ಫೆಬ್ರವರಿ ಮುಗಿಯೋ ಹೊತ್ತಿಗೆ ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಬೆಂಕಿ ಬೀಳುತ್ತೆ, ಮೊಬೈಲಿಗೆ ಹೊಗೆಯ ವಿಡಿಯೊ ಬರುತ್ತೆ, ಸಂಜೆಯೊಳಗೆ ತಪ್ಪಿತಸ್ಥರು ಯಾರು ಅಂತ ತೀರ್ಮಾನವೂ ಆಗಿಬಿಡುತ್ತೆ. ಹಾಡಿಯವರು, ದನ ಮೇಯಿಸೋರು, ಜೇನು ಕೀಳೋರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗಲೂ ತನಿಖೆ ಶುರುವಾಗೋ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ತೀರ್ಪು ಬಂದಿತ್ತು. ಕಾಡು ಹಾಳಾಗಿದೆ ಅಂದ ತಕ್ಷಣ ಕಾಡಿನೊಳಗೆ ಇರೋ ಬಡವನ ಕಡೆಗೇ ಬೆರಳು ತೋರಿಸೋ ಈ ಅಭ್ಯಾಸ ನಮಗೆ ಎಲ್ಲಿಂದ ಬಂತು?

ಇದಕ್ಕೆ ಒಬ್ಬನೇ ಮನುಷ್ಯ ಕಾರಣ ಅಂತ ಹೇಳೋದು ತಪ್ಪಾಗುತ್ತೆ. ಆದರೆ ಈ ಅಭ್ಯಾಸಕ್ಕೆ ವಿಜ್ಞಾನದ ಮುದ್ರೆ ಬಿದ್ದ ಜಾಗ, ಕಾಲ ಎರಡನ್ನೂ ಗುರುತಿಸಬಹುದು. ಆ ದಾರಿ ನಮ್ಮ ಶಿವಮೊಗ್ಗದಿಂದಲೇ ಶುರುವಾಗುತ್ತೆ. ಅಲ್ಲಿ ಡಾಕ್ಟರ್ ಆಗಿದ್ದ ಸ್ಕಾಟ್ಲೆಂಡಿನ ಯುವಕ ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್. ಭಾರತದ ಅರಣ್ಯ ವಿಜ್ಞಾನದ ಪಿತಾಮಹ ಅಂತ ಕೆಲವರು ಈತನನ್ನ ಕರೆಯೋದುಂಟು.

ಲಕ್ಷ್ಮೀಪುರಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರೋ ಗೆಳೆಯ ಲ್ಯಾಂಡ್‌ಸ್ಕೇಪ್ ಇಕಾಲಜಿಯಲ್ಲಿ ಪೋಸ್ಟ್‌ಡಾಕ್ ಮಾಡ್ತಿದ್ದಾನೆ. ಕಾಡು, ಹೊಲ, ಕೆರೆ, ತೋಟ, ರಸ್ತೆ ಇವೆಲ್ಲ ಒಂದರ ಪಕ್ಕ ಒಂದು ಹೇಗೆ ಹೆಣೆದುಕೊಂಡಿವೆ, ಆ ಹೆಣಿಗೆ ಕಾಲಕಾಲಕ್ಕೆ ಹೇಗೆ ಬದಲಾಗಿದೆ ಅನ್ನೋದನ್ನ ಅಳೆಯೋ ವಿದ್ಯೆ ಅದು. 1939ರಲ್ಲಿ ಕಾರ್ಲ್ ಟ್ರೋಲ್ ಎಂಬ ಜರ್ಮನ್ ಭೂಗೋಳಶಾಸ್ತ್ರಜ್ಞ ವಿಮಾನದಿಂದ ತೆಗೆದ ಫೋಟೊಗಳನ್ನ ಓದುತ್ತಾ ಈ ಹೆಸರು ಕೊಟ್ಟ. ಗೆಳೆಯನ ಕಷ್ಟ ಏನಪ್ಪಾ ಅಂದ್ರೆ, ಉಪಗ್ರಹದ ಚಿತ್ರಗಳು ಸಿಗೋದು ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ 1972ರಿಂದ ಈಚೆಗೆ. ಅದಕ್ಕೂ ಹಿಂದೆ ಸರ್ವೇ ಆಫ್ ಇಂಡಿಯಾ ನಕ್ಷೆಗಳು. ಇನ್ನೂ ಹಿಂದಕ್ಕೆ ಹೋದರೆ ಉಳಿಯೋದು ಕಣ್ಣಿಂದ ನೋಡಿ ಬರೆದವರ ಬರಹ ಮಾತ್ರ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ ಒಬ್ಬ. ಅರ್ಧ ಶತಮಾನದ ನಂತರ ಬಂದ ಕ್ಲೆಗ್‌ಹಾರ್ನ್ ಇನ್ನೊಬ್ಬ. ಅಂದರೆ ನಮ್ಮ ಕಾಡು ಮೊದಲು ಹೀಗಿತ್ತು ಅಂತ ಇವತ್ತು ಯಾರಾದರೂ ಹೇಳಿದರೆ, ಆ ಮೊದಲು ಅನ್ನೋದನ್ನ ಬರೆದಿಟ್ಟವರಲ್ಲಿ ಈತನೂ ಇದ್ದಾನೆ. ಹೋಲಿಕೆ ಶುರುವಾಗೋ ಜಾಗದಲ್ಲಿ ನಿಂತವನ ಒಲವು ನಿಲುವು ಏನಿತ್ತು ಅಂತ ತಿಳಿಯದೆ ಲೆಕ್ಕ ಮುಂದುವರಿಸೋದು ನನ್ನಂಥ ಎಂಜಿನಿಯರಿಂಗ್ ಓದಿದವನಿಗೆ ಸರಿ ಕಾಣೋದಿಲ್ಲ.

ಹ್ಯೂ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದ್ರಾಸಿನಲ್ಲಿ. ಅಪ್ಪ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಇನ್ನೂ ಚಿಕ್ಕವನಿರುವಾಗಲೇ ಹುಡುಗನನ್ನ ಸ್ಕಾಟ್ಲೆಂಡಿಗೆ ಕಳಿಸಿದರು. ಬೆಳೆದದ್ದು ಸೇಂಟ್ ಆಂಡ್ರ್ಯೂಸ್ ಹತ್ತಿರ ಸ್ಟ್ರಾವಿಥಿ ಅನ್ನೋ ಎಸ್ಟೇಟಿನಲ್ಲಿ, ಅಜ್ಜನ ಕಣ್ಣೆದುರು.

ಈ ಅಜ್ಜನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಆತನ ಕೆಲಸದ ಗುರುತು ಮೈಸೂರಿನಿಂದ ಅರ್ಧ ಗಂಟೆ ದೂರದಲ್ಲಿದೆ. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನೇ. ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕ, ಒಳಗೊಳಗೆ ಬ್ರಿಟಿಷ್ ಸರ್ಕಾರದ ಗುಪ್ತ ಏಜೆಂಟ್. ಸಿಲೋನು ಆಗ ಡಚ್ಚರ ಕೈಯಲ್ಲಿತ್ತು. ಅದನ್ನ ಕಾಯುತ್ತಿದ್ದವರಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ಶ್ರೀಮಂತನ ಬಾಡಿಗೆ ಪಡೆಯೂ ಇತ್ತು. 1795ರಲ್ಲಿ ಪ್ರೊಫೆಸರ್ ಸಾಹೇಬರು ಸ್ವಿಟ್ಜರ್ಲೆಂಡಿಗೇ ಹೋಗಿ ಆ ಶ್ರೀಮಂತನನ್ನ ಒಪ್ಪಿಸಿ, ಇಡೀ ಪಡೆಯನ್ನ ಬ್ರಿಟಿಷರ ಕಡೆಗೆ ತಿರುಗಿಸಿದರು. ಆ ಸುದ್ದಿಯನ್ನ ಚೀಸ್ ಉಂಡೆಯೊಳಗೆ ಅಡಗಿಸಿ ಕೊಲಂಬೋ ಕೋಟೆಗೆ ಮುಟ್ಟಿಸಿದರು ಅನ್ನೋ ಕಥೆ ಪ್ರಸಿದ್ಧ. ಪಕ್ಷ ಬದಲಾಯಿಸಿದ ಅದೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಟಿಪ್ಪು ವಿರುದ್ಧ ನಿಂತಿತು. ಅವರ ಗೋರಿಗಳು ಇವತ್ತಿಗೂ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿವೆ. ಅಜ್ಜ ಕೊಡಿಸಿದ ಸೈನ್ಯ ಗೆದ್ದ ರಾಜ್ಯಕ್ಕೆ ಮೊಮ್ಮಗ ಡಾಕ್ಟರ್ ಆಗಿ ಬಂದ. ಕಾಕತಾಳೀಯ ಅನ್ನಿ, ಆದರೆ ಕಂಪನಿ ಆಡಳಿತ ಅನ್ನೋದು ಎಷ್ಟರ ಮಟ್ಟಿಗೆ ಕೆಲವೇ ಸ್ಕಾಟಿಷ್ ಕುಟುಂಬಗಳ ಮನೆವಾರ್ತೆಯಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹುಡುಗ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1841ರಲ್ಲಿ ಎಂ.ಡಿ. ಪಡೆದ. ಆ ಕಾಲದಲ್ಲಿ ಔಷಧ ಅಂದರೆ ಬಹುಪಾಲು ಗಿಡಮೂಲಿಕೆಯೇ. ಹಾಗಾಗಿ ಡಾಕ್ಟರ್ ಆಗೋನು ಸಸ್ಯಶಾಸ್ತ್ರ ಕಲಿಯಲೇಬೇಕಿತ್ತು. ಕಂಪನಿಯ ಬಹಳಷ್ಟು ಸರ್ಜನ್‌ಗಳು ಸಸ್ಯವಿಜ್ಞಾನಿಗಳೂ ಆಗಿದ್ದರ ಗುಟ್ಟು ಇದು. ಬುಕನನ್ ಕೂಡ ಎಡಿನ್‌ಬರೋದ ಡಾಕ್ಟರೇ. 1842ರಲ್ಲಿ ಹ್ಯೂ ಮದ್ರಾಸಿಗೆ ಬಂದು ಜನರಲ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳಲ್ಲಿ ಮೈಸೂರು ಕಮಿಷನ್‌ಗೆ, ಅಲ್ಲಿಂದ ಶಿವಮೊಗ್ಗಕ್ಕೆ.

ಆಗ ಮೈಸೂರು ರಾಜ್ಯ ಒಡೆಯರ ಕೈಯಲ್ಲಿರಲಿಲ್ಲ. ನಗರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡಿದ್ದರು. ಕಮಿಷನರ್ ಮಾರ್ಕ್ ಕಬ್ಬನ್ ಬೆಂಗಳೂರಲ್ಲಿ ಕೂತು ನಡೆಸುತ್ತಿದ್ದ. ನಗರ ವಿಭಾಗದ ಕೇಂದ್ರ ಶಿವಮೊಗ್ಗ. ಸರ್ಜನ್ ಅಂದ್ರೆ ಮಲೆನಾಡು ಪೂರ್ತಿ ಕುದುರೆ ಮೇಲೆ ಸುತ್ತೋ ಕೆಲಸ. ಸುತ್ತುವಾಗ ಆತ ಒಂದು ಶಿಸ್ತು ಹಾಕಿಕೊಂಡ: ದಿನಕ್ಕೊಂದು ಗಿಡ, ಕಾಲು ಗಂಟೆ. ಹೀಗೆ ಮಾಡು ಅಂತ ಹೇಳಿಕೊಟ್ಟಿದ್ದು ಇಂಗ್ಲೆಂಡಿನ ಹೆಸರಾಂತ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್. ಗಿಡ ತರಿಸಿ, ಅದು ಬಾಡೋ ಮುಂಚೆ ಚಿತ್ರ ಬರೆಸುತ್ತಿದ್ದ. ಬರೆದವನು ಒಬ್ಬ ಮರಾಠಿ ಚಿತ್ರಗಾರ. ಅವನ ಹೆಸರನ್ನ ಯಾರೂ ಬರೆದಿಟ್ಟಿಲ್ಲ. ಮುಂದೆ ಮದ್ರಾಸಿನಲ್ಲಿ ಚಿತ್ರ ಬರೆದ ಗೋವಿಂದು ಎಂಬಾತನ ಹೆಸರಾದರೂ ಉಳಿದಿದೆ.

ಶಿವಮೊಗ್ಗದ ಆ ದಿನಗಳಲ್ಲಿ ಕ್ಲೆಗ್‌ಹಾರ್ನ್ ಮೂರು ಸಂಗತಿ ಗಮನಿಸಿದ. ಒಂದು, ಬೇಲಿ. ಊರು, ಹೊಲಗಳ ಸುತ್ತ ಜನ ಬೆಳೆಸೋ ಜೀವಂತ ಬೇಲಿಗಳಲ್ಲಿ ಯಾವ ನೆಲಕ್ಕೆ ಯಾವ ಗಿಡ ಒಗ್ಗುತ್ತೆ ಅಂತ ಟಿಪ್ಪಣಿ ಮಾಡಿ, 1850ರಲ್ಲಿ ಅದರ ಮೇಲೆ ಒಂದು ಪ್ರಬಂಧವನ್ನೇ ಪ್ರಕಟಿಸಿದ. ಇವತ್ತಿನ ಲ್ಯಾಂಡ್‌ಸ್ಕೇಪ್ ಇಕಾಲಜಿಯವರು ಹಕ್ಕಿ, ಚಿಟ್ಟೆ, ಮುಂಗುಸಿ ಓಡಾಡೋ ದಾರಿ ಅಂತ ಬೇಲಿಸಾಲುಗಳನ್ನ ಅಳೆಯೋದನ್ನ ನೋಡಿದ್ರೆ, ಈತನ ಕಣ್ಣು ಎಷ್ಟು ಚುರುಕಾಗಿತ್ತು ಗೊತ್ತಾಗುತ್ತೆ. ಎರಡು, ಲಂಗುಲಗಾಮಿಲ್ಲದೆ ಹೋಗುತ್ತಿದ್ದ ಮರ. ತೇಗ ಬೊಂಬಾಯಿಯ ಹಡಗುಕಟ್ಟೆಗೆ ಬೇಕಿತ್ತು, ಮಿಲಿಟರಿಗೆ ಬೇಕಿತ್ತು, ವ್ಯಾಪಾರಿಗಳಿಗೆ ಬೇಕಿತ್ತು. ಮೂರು, ಕುಮರಿ.

ಕುಮರಿ ಅಂದ್ರೆ ಕಾಡಿನ ಒಂದು ತುಂಡನ್ನ ಕಡಿದು, ಒಣಗಿಸಿ, ಮಳೆಗೆ ಮುಂಚೆ ಬೆಂಕಿ ಕೊಟ್ಟು, ಬೂದಿಯ ಮೇಲೆ ರಾಗಿ, ಹರಳು, ತೊಗರಿ ಬಿತ್ತೋದು. ಒಂದೆರಡು ವರ್ಷ ಬೆಳೆ ತೆಗೆದು ಆ ಜಾಗ ಬಿಟ್ಟು ಮುಂದಕ್ಕೆ. ಬಿಟ್ಟ ಜಾಗದಲ್ಲಿ ಮತ್ತೆ ಕಾಡು ಎದ್ದ ಮೇಲೆ, ಹತ್ತು ಹನ್ನೆರಡು ವರ್ಷಕ್ಕೋ ಇನ್ನೂ ತಡವಾಗಿಯೋ, ತಿರುಗಿ ಅಲ್ಲಿಗೆ. ಕುಣಬಿಗಳು, ಕುಡುಬಿಗಳು, ಮಲೆಕುಡಿಯರು, ಈ ಕಡೆ ಸೋಲಿಗರು ತಲೆತಲಾಂತರದಿಂದ ಬದುಕಿದ ರೀತಿ ಇದು. ನೇಗಿಲು ಹೂಡಲಾಗದ ಇಳಿಜಾರಿನಲ್ಲಿ ಬೇರೆ ದಾರಿಯೂ ಇರಲಿಲ್ಲ. ಕನ್ನಡ ಜಿಲ್ಲೆಯಲ್ಲಿ ಸರ್ಕಾರ ಇದಕ್ಕೆ ಕಂದಾಯ ವಸೂಲಿ ಮಾಡುತ್ತಿತ್ತು ಅನ್ನೋದನ್ನ ನೆನಪಿಡಿ. ಅಂದರೆ ಆವರೆಗೆ ಅದು ಅಪರಾಧವಲ್ಲ, ಆದಾಯದ ಮೂಲ.

ಸ್ಕಾಟ್ಲೆಂಡಿನ ಕಣ್ಣಿಗೆ ಅದು ಕಂಡದ್ದೇ ಬೇರೆ. ಸುಟ್ಟು ಕರಿಯಾದ ಗುಡ್ಡ, ಬೂದಿಯಾದ ಬೆಲೆಬಾಳೋ ಮರ, ಒಂದು ಬೆಳೆಗೋಸ್ಕರ ನೂರು ವರ್ಷದ ಕಾಡು. ಸುಟ್ಟ ವರ್ಷ ನೋಡಿದವನಿಗೆ ಹಾಗೇ ಕಾಣುತ್ತೆ. ಹದಿನೈದು ವರ್ಷ ಬಿಟ್ಟು ಅದೇ ಜಾಗಕ್ಕೆ ಬಂದು ನೋಡೋ ಅವಕಾಶ ಆತನಿಗೆ ಇರಲಿಲ್ಲ. ಶಿವಮೊಗ್ಗದಲ್ಲಿ ಒಂದೆರಡು ವರ್ಷದಲ್ಲೇ ಜ್ವರ ಹಿಡಿದು ಆರೋಗ್ಯ ಕೆಟ್ಟಿತು, 1848ರಲ್ಲಿ ಊರಿಗೆ ಮರಳಿದ. ಇದು ನನಗೆ ಬಹಳ ಮುಖ್ಯ ಅನ್ಸುತ್ತೆ. ಒಂದು ಚಕ್ರದ ಉದ್ದ ಹನ್ನೆರಡು ವರ್ಷ, ನೋಡಿದ ಕಾಲ ಎರಡು ವರ್ಷ. ಇವತ್ತಿನ ಪೋಸ್ಟ್‌ಡಾಕ್ ಫೆಲೋಶಿಪ್‌ಗಳೂ ಎರಡು ಮೂರು ವರ್ಷದವೇ ಅಂತ ಮಹಡಿಯ ಗೆಳೆಯ ಗೊಣಗ್ತಾನೆ.

ಊರಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ದೊಡ್ಡ ಅವಕಾಶ ಬಂತು. 1850ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಘ ಎಡಿನ್‌ಬರೋದಲ್ಲಿ ಸಭೆ ಸೇರಿತ್ತು. ಉಷ್ಣವಲಯದ ಕಾಡು ನಾಶವಾದರೆ ಹವೆಗೆ, ನೀರಿಗೆ, ಬೊಕ್ಕಸಕ್ಕೆ ಏನಾಗುತ್ತೆ ಅಂತ ವರದಿ ಕೊಡಲು ಒಂದು ಸಮಿತಿ ಮಾಡಿದರು. ಕ್ಲೆಗ್‌ಹಾರ್ನ್ ಜೊತೆ ಇದ್ದವರು ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ರಿಚರ್ಡ್ ಸ್ಟ್ರೇಚಿ. 1851ರಲ್ಲಿ ಇಪ್ಸ್‌ವಿಚ್ ಸಭೆಯ ಮುಂದೆ ವರದಿ ಬಂತು. ಆಗ ಕ್ಲೆಗ್‌ಹಾರ್ನ್‌ಗೆ ಇನ್ನೂ 31 ತುಂಬಿರಲಿಲ್ಲ.

ಹವಾಮಾನ ಬದಲಾವಣೆ ಬಗ್ಗೆ ರೀಲ್ಸ್ ನೋಡೋ ನಾವು ಇದನ್ನ ಒಂದು ಕ್ಷಣ ಯೋಚಿಸಬೇಕು. 1851. ರೈಲು ಇನ್ನೂ ಭಾರತಕ್ಕೆ ಬಂದಿಲ್ಲ. ಆಗಲೇ ಮನುಷ್ಯನ ಕೈವಾಡದಿಂದ ಒಂದು ಖಂಡದ ನೀರು, ನೆಲ, ಹವೆ ಬದಲಾಗಬಹುದು ಅನ್ನೋ ಚರ್ಚೆ ವಿಜ್ಞಾನಿಗಳ ಎದುರು ಅಧಿಕೃತವಾಗಿ ನಡೆದಿತ್ತು. ಕಾಡು ಹೋದರೆ ಮಳೆಯೇ ಕಡಿಮೆಯಾಗುತ್ತಾ ಅನ್ನೋದಕ್ಕೆ ಅವತ್ತು ಸಾಕಷ್ಟು ಅಳತೆ ಇರಲಿಲ್ಲ. ಆದರೆ ಒರತೆ ಬತ್ತೋದು, ಮಣ್ಣು ಕೊಚ್ಚಿಹೋಗೋದು, ಮರದ ಬೆಲೆ ಏರೋದು ಕಣ್ಣಿಗೆ ಕಾಣೋ ಸಂಗತಿಗಳು. ಸರ್ಕಾರ ಮಧ್ಯಪ್ರವೇಶ ಮಾಡಲೇಬೇಕು ಅನ್ನೋದು ವರದಿಯ ದಿಕ್ಕು. ರಿಚರ್ಡ್ ಗ್ರೋವ್ ಎಂಬ ಇತಿಹಾಸಕಾರ 1995ರ ತನ್ನ ದೊಡ್ಡ ಪುಸ್ತಕದಲ್ಲಿ ಈ ಸರ್ಜನ್‌ಗಳನ್ನ ಆಧುನಿಕ ಪರಿಸರ ಚಿಂತನೆಯ ಮುಂಚೂಣಿಯವರು ಅಂತ ಕಾಣುತ್ತಾನೆ. ಅದಕ್ಕೆ ಮೂರು ವರ್ಷ ಮೊದಲು ಬಂದ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರ ಪುಸ್ತಕಕ್ಕೆ ಇದೇ ಕಥೆ ಬೇರೆ ಥರ: ಊರವರ ಕಾಡನ್ನ ಸರ್ಕಾರ ಕಿತ್ತುಕೊಂಡ ಕಥೆ. ಯಾರು ಸರಿ? ಕ್ಲೆಗ್‌ಹಾರ್ನ್‌ನ ಮುಂದಿನ ಹತ್ತು ವರ್ಷ ನೋಡಿದರೆ ಇಬ್ಬರೂ ಸರಿ ಅನ್ಸುತ್ತೆ, ಮತ್ತು ಅದೇ ತೊಂದರೆ.

1852ರಲ್ಲಿ ಮದ್ರಾಸಿಗೆ ಮರಳಿ ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದ. ಮಧ್ಯೆ ಕಬ್ಬನ್ ಈತನ ಸಲಹೆ ಕೇಳಿದ್ದರ ಫಲ ಬೆಂಗಳೂರಿನ ಲಾಲ್‌ಬಾಗ್. ಹೈದರನ ಕಾಲದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದೇ ವರ್ಷದ ಕೊನೆಗೆ ಗವರ್ನರ್ ಲಾರ್ಡ್ ಹ್ಯಾರಿಸ್ ಆತನನ್ನ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದ. ಮಂಗಳೂರು, ಕಾರವಾರದ ಕಡೆಯ ಕನ್ನಡ ಜಿಲ್ಲೆಯೂ ಆಗ ಮದ್ರಾಸಿಗೇ ಸೇರಿತ್ತು. ಉತ್ತರ ಕನ್ನಡ ಬೊಂಬಾಯಿಗೆ ಹೋದದ್ದು 1862ರಲ್ಲಿ.

ನೇಮಕದ ವರ್ಷವನ್ನ ಇನ್ನೊಮ್ಮೆ ನೋಡಿ. 1856ರಲ್ಲೇ ದಕ್ಷಿಣದ ಮೊದಲ ರೈಲು ರಾಯಪುರಂನಿಂದ ಆರ್ಕಾಟಿನ ಕಡೆಗೆ ಹೊರಟಿತು. ಹಳಿಯ ಕೆಳಗೆ ಗಜಕ್ಕೊಂದು ಮರದ ಸ್ಲೀಪರ್, ಮೈಲಿಗೆ 1,760. ಗೆದ್ದಲು, ಮಳೆಗೆ ಅವು ಕೆಲವೇ ವರ್ಷದಲ್ಲಿ ಕೊಳೆತು ಮತ್ತೆ ಬದಲಾಯಿಸಬೇಕು. ಎಂಜಿನ್ ಓಡೋದಕ್ಕೂ ಸೌದೆಯೇ. ಇದರ ಜೊತೆಗೆ ನೀಲಗಿರಿ, ವೈನಾಡು, ಕೊಡಗಿನ ಕಡೆ ಕಾಫಿ ಪ್ಲಾಂಟರ್‌ಗಳು ಬೆಟ್ಟ ಬೋಳಿಸುತ್ತಿದ್ದರು. ಕ್ಲೆಗ್‌ಹಾರ್ನ್‌ಗೆ ಇವೆರಡೂ ಕಾಣಲಿಲ್ಲ ಅಂತಲ್ಲ. 1861ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಕುರಿತ ಆತನ ಪುಸ್ತಕದಲ್ಲಿ ಸ್ಲೀಪರ್ ಲೆಕ್ಕವೂ ಇದೆ, ಕಾಫಿಯ ಪ್ರಸ್ತಾಪವೂ ಇದೆ. ಆತ ಪ್ರಾಮಾಣಿಕ ಲೆಕ್ಕಿಗ.

ಆದರೆ ವರದಿಯಲ್ಲಿ ಇದ್ದದ್ದೆಲ್ಲ ಆದೇಶ ಆಗೋದಿಲ್ಲವಲ್ಲ. ರೈಲು ನಿಲ್ಲಿಸೋ ಅಧಿಕಾರ ಒಬ್ಬ ಅರಣ್ಯಾಧಿಕಾರಿಗೆ ಇರಲಿಲ್ಲ, ಆತನಿಗೆ ಆ ಮನಸ್ಸೂ ಇರಲಿಲ್ಲ. ರೈಲಿಗೆ ಮರ ಸದಾ ಸಿಗೋ ಹಾಗೆ ನೋಡಿಕೊಳ್ಳೋದೇ ಇಲಾಖೆಯ ಮೊದಲ ಕೆಲಸ. ಪ್ಲಾಂಟರ್‌ಗಳು ಗವರ್ನರ್ ಜೊತೆ ಊಟಕ್ಕೆ ಕೂರೋರು. ಹಾಗಾದ್ರೆ ತಡೆಯಬಹುದಾದದ್ದು ಯಾವುದು? ಕುಮರಿ. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಪೂರ್ವಾನುಮತಿ ಇಲ್ಲದೆ ಕುಮರಿ ಮಾಡಬಾರದು ಅಂತ ಆದೇಶ ಹೊರಡಿಸಿತು. ಅದರ ಹಿಂದೆ ವರ್ಷಗಟ್ಟಲೆ ಇದ್ದದ್ದು ಕ್ಲೆಗ್‌ಹಾರ್ನ್‌ನ ಒತ್ತಾಯ.

ಇಲ್ಲಿ ನನ್ನ ತಕರಾರು ಆತನ ಉದ್ದೇಶದ ಮೇಲಲ್ಲ. ಕುಮರಿಯಿಂದ ಮರ ಸುಟ್ಟುಹೋಗುತ್ತಿದ್ದದ್ದು ನಿಜ, ಎಲ್ಲ ಕಡೆಯೂ ಹನ್ನೆರಡು ವರ್ಷ ಕಾಯುತ್ತಿರಲಿಲ್ಲ ಅನ್ನೋದೂ ನಿಜ ಇರಬಹುದು. ಆದರೆ ಕಾಡು ಕರಗೋಕೆ ನಾಲ್ಕು ಕಾರಣ ಪಟ್ಟಿ ಮಾಡಿ, ಶಿಕ್ಷೆಯನ್ನ ಒಂದಕ್ಕೆ ಮಾತ್ರ ಕೊಟ್ಟರೆ, ಜನರ ನೆನಪಲ್ಲಿ ಉಳಿಯೋ ಕಾರಣ ಅದೊಂದೇ. ಕುಮರಿ ನಿಂತ ಮೇಲೆ ಆ ಕುಟುಂಬಗಳು ಏನು ತಿಂದವು ಅನ್ನೋ ಕಾಲಮ್ಮು ಅರಣ್ಯ ಇಲಾಖೆಯ ಲೆಡ್ಜರ್‌ನಲ್ಲಿ ಇರಲಿಲ್ಲ. ಅವರಲ್ಲಿ ಅನೇಕರು ಕೂಲಿಗೆ ಬಿದ್ದರು, ಅದೂ ಬಹಳ ಸಲ ಅದೇ ಇಲಾಖೆಯ ಕೂಲಿಗೆ. ವ್ಯಂಗ್ಯ ಏನು ಗೊತ್ತಾ? ಬರ್ಮಾದಲ್ಲಿ ಡೀಟ್ರಿಶ್ ಬ್ರಾಂಡಿಸ್ ಎಂಬ ಜರ್ಮನ್ ಅಧಿಕಾರಿ ಅಲ್ಲಿನ ಕರೆನ್ ಜನರಿಂದ ಇದೇ ಕಡಿದು ಸುಡೋ ಬೇಸಾಯ ಮಾಡಿಸಿ, ಬೆಳೆಯ ನಡುವೆ ತೇಗದ ಸಸಿ ನೆಡಿಸೋ ವಿಧಾನ ರೂಢಿಗೆ ತಂದ. ಅದು ಮುಂದೆ ನಮ್ಮ ಕಡೆಗೂ ಬಂತು, ಕುಮರಿ ಅನ್ನೋ ಹಳೇ ಹೆಸರಿನಲ್ಲೇ. ರಾಗಿ ಬೆಳೆಯೋಕೆ ಬೆಂಕಿ ಹಚ್ಚಿದರೆ ಅಪರಾಧ, ಇಲಾಖೆಯ ತೇಗಕ್ಕೆ ಹಚ್ಚಿದರೆ ವಿಜ್ಞಾನ.

ನಂತರದ ಬದುಕನ್ನ ಬೇಗ ಹೇಳಿಬಿಡ್ತೀನಿ. 1861ರಲ್ಲಿ ಮೇಬಲ್ ಕೋವನ್ ಜೊತೆ ಮದುವೆ. ಆಮೇಲೆ ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳ ಸಮೀಕ್ಷೆ, 1864ರಲ್ಲಿ ಅದರ ವರದಿ. ಬ್ರಾಂಡಿಸ್ ರಜೆಯಲ್ಲಿದ್ದಾಗ ಇಡೀ ಭಾರತದ ಅರಣ್ಯ ಮಹಾನಿರೀಕ್ಷಕನ ಹೊಣೆಯನ್ನೂ ಕೆಲಕಾಲ ಹೊತ್ತ. ಅಷ್ಟರಲ್ಲಿ ಮೈಸೂರಿಗೆ ಅದರದೇ ಅರಣ್ಯ ಇಲಾಖೆ ಬಂದಿತ್ತು, 1864ರಲ್ಲಿ. ಮರುವರ್ಷ ಭಾರತದ ಮೊದಲ ಅರಣ್ಯ ಕಾಯಿದೆ. 1878ರಲ್ಲಿ ಅದು ಇನ್ನೂ ಬಿಗಿಯಾಯಿತು, 1927ರಲ್ಲಿ ಮತ್ತೆ ಹೊಸದಾಗಿ ಬಂತು. 1927ರ ಕಾಯಿದೆ ಇವತ್ತಿಗೂ ಜಾರಿಯಲ್ಲಿದೆ. 1860ರ ದಶಕದ ಕೊನೆಗೆ ಕ್ಲೆಗ್‌ಹಾರ್ನ್ ನಿವೃತ್ತನಾಗಿ, ಅಷ್ಟರಲ್ಲಿ ತನ್ನ ಪಾಲಿಗೆ ಬಂದಿದ್ದ ಸ್ಟ್ರಾವಿಥಿ ಎಸ್ಟೇಟಿಗೆ ಮರಳಿದ.

ಆತನ ಕಾಡು ಈಗ ಹೇಗಿದೆ? ಶಿವಮೊಗ್ಗ ಜಿಲ್ಲೆಯ ನಕ್ಷೆಯ ಮೇಲೆ ಕಾಲವನ್ನ ಓಡಿಸಿ ನೋಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಶುರುವಾಯಿತು. ಕಲ್ಲಿದ್ದಲಲ್ಲ, ಕಾಡಿನ ಮರ ಸುಟ್ಟು ಮಾಡಿದ ಇದ್ದಲಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಶರಾವತಿ ಕಣಿವೆ ಮುಳುಗಿತು. ಆಮೇಲೆ ಮೈಸೂರು ಪೇಪರ್ ಮಿಲ್ಸ್‌ಗಾಗಿ ನೈಸರ್ಗಿಕ ಕಾಡು ಸವರಿ ಅಕೇಶಿಯಾ, ನೀಲಗಿರಿ ನೆಡುತೋಪು. 2020ರಲ್ಲಿ ಕಾರ್ಖಾನೆ ಮುಚ್ಚಿದ್ದರೂ ಆ ಭೂಮಿಯ ಗುತ್ತಿಗೆ ಮುಂದುವರಿಸಲು ಸರ್ಕಾರ ಹೊರಟಾಗ, ನಮ್ಮೂರಿಗೆ ಅಕೇಶಿಯಾ ಮರ ಬೇಡ ಅಂತ ಮಲೆನಾಡಿನ ಜನ ಬೀದಿಗಿಳಿದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತೆ. ಇವುಗಳಲ್ಲಿ ಯಾವುದೂ ಕುಮರಿಯಲ್ಲ. ಎಲ್ಲವೂ ಸರ್ಕಾರದ ಫೈಲಿನಲ್ಲಿ ಮಂಜೂರಾತಿ ಪಡೆದ ಬದಲಾವಣೆಗಳು. ಇನ್ನೊಂದು ವಿಷಯ: ಫಾರೆಸ್ಟ್ ಸರ್ವೇ ಆಫ್ ಇಂಡಿಯಾ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ದೊಡ್ಡದಾದ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಅಕೇಶಿಯಾ ತೋಪೂ ಹಸಿರೇ, ತೋಟವೂ ಹಸಿರೇ. ಕಾಡು ಹೋದದ್ದು ಆ ಹಸಿರಿನಲ್ಲಿ ಕಾಣೋದೇ ಇಲ್ಲ.

ಬೆಂಕಿಯ ವಿಷಯಕ್ಕೂ ಒಂದು ಮಾತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ಒಣಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತಾರೆ. ನೆಲಮಟ್ಟದಲ್ಲಿ ಹರಿದು ಆರಿಹೋಗೋ ಬೆಂಕಿ. ಅದನ್ನ ನಿಷೇಧಿಸಿದ ಮೇಲೆ ಲಂಟಾನ ಹಬ್ಬಿತು ಅನ್ನೋದು ಸೋಲಿಗರ ವಾದ. ಅಲ್ಲಿ ಸಂಶೋಧಕರು 1997ರಲ್ಲಿ ಮತ್ತು 2008ರಲ್ಲಿ ಅದೇ ಜಾಗಗಳನ್ನ ಅಳೆದಾಗ ಲಂಟಾನ ಇರೋ ತಾಣಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದವು. ಲಂಟಾನದ ಪೊದೆಗೆ ಬೆಂಕಿ ಹತ್ತಿದರೆ ಅದು ಮರದ ತುದಿಗೇರುತ್ತೆ. ಬೆಂಕಿ ನಿಷೇಧವೊಂದೇ ಕಾರಣವಾ ಅನ್ನೋದರ ಮೇಲೆ ವಿಜ್ಞಾನಿಗಳ ಚರ್ಚೆ ಇನ್ನೂ ಇದೆ, ಇರಲಿ. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕ ಆರಂಭದ ಪ್ರಕರಣಗಳಲ್ಲಿ ಅದೂ ಒಂದು. ಆದರೆ ತರಗು ಬೆಂಕಿ ಹಚ್ಚಿದರೆ ಈಗಲೂ ಕೇಸು.

ಸ್ಟ್ರಾವಿಥಿಯಲ್ಲಿ ಕ್ಲೆಗ್‌ಹಾರ್ನ್ ಕಾಲು ಶತಮಾನಕ್ಕಿಂತ ಹೆಚ್ಚು ಬದುಕಿದ. ಸ್ಕಾಟ್ಲೆಂಡಿನ ಮರಬೆಳೆಗಾರರ ಸಂಘದ ಅಧ್ಯಕ್ಷನಾದ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಪಾಠ ಶುರುವಾಗಲು ಓಡಾಡಿದ. ಗೆಳೆಯ ರಾಬರ್ಟ್ ವೈಟ್ ಒಂದು ಸಸ್ಯಕುಲಕ್ಕೆ ಆತನ ಹೆಸರನ್ನೇ ಇಟ್ಟಿದ್ದ: ಕ್ಲೆಗಾರ್ನಿಯಾ. ಮಕ್ಕಳಿರಲಿಲ್ಲ. ಮೇಬಲ್ 1887ರಲ್ಲಿ ತೀರಿಕೊಂಡಳು, ಆತ 1895ರ ಮೇ 16ರಂದು. ಮಲೆನಾಡಿನ ಗಿಡಗಳ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿವೆ. ಹೆನ್ರಿ ನೋಲ್ಟಿ ಎಂಬ ಸಸ್ಯಶಾಸ್ತ್ರಜ್ಞ ಅವನ್ನ ವರ್ಷಗಟ್ಟಲೆ ಕೂತು ವಿಂಗಡಿಸಿ 2016ರಲ್ಲಿ ಪುಸ್ತಕ ಮಾಡಿದ್ದಾರೆ. ಆ ಗಿಡಗಳಲ್ಲಿ ಯಾವುವು ಇವತ್ತು ಶಿವಮೊಗ್ಗದ ಸುತ್ತ ಉಳಿದಿವೆ, ಎಲ್ಲಿ ಉಳಿದಿವೆ ಅಂತ ಆ ಪಟ್ಟಿ ಹಿಡಿದು ಹುಡುಕೋ ಕೆಲಸಕ್ಕೆ ಉಪಗ್ರಹ ಬೇಕಾಗಿಲ್ಲ. ದಿನಕ್ಕೊಂದು ಗಿಡ, ಕಾಲು ಗಂಟೆ ಸಾಕು. ಕುವೆಂಪು ವಿಶ್ವವಿದ್ಯಾಲಯ ಅಲ್ಲೇ ಇದೆ, ಶಂಕರಘಟ್ಟದಲ್ಲಿ.